ಪುರಸಭೆಯ ದಾವೆ ಕಡತಗಳಲ್ಲಿ ನಮ್ಮ ಕನ್ನಡ

ಏರ್ಕಾಡು ಎಂಬ ಹೆಸರನ್ನು ತಮಿಳು ಬಂಧುಗಳು ‘ಏರಿ’ ಮತ್ತು ‘ಕಾಡು’ ಎಂದು ಬಿಡಿಸಿ ಹೇಳುತ್ತಾರೆ. ಸೇರ್ವರಾಯನ್ ಬೆಟ್ಟದ ಮೇಲೆ ಮರಗಳ ನಡುವೆ ಹರಡಿಕೊಂಡಿರುವ ಕೆರೆಯನ್ನು ಕಂಡವರಿಗೆ ಈ ಹೆಸರಿನ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ಆದರೆ ಕನ್ನಡದ ಕಿವಿಗೆ ಇಲ್ಲೊಂದು ಸಣ್ಣ ತೊಡಕುಂಟು. ತಮಿಳಿನಲ್ಲಿ ‘ಏರಿ’ ಎಂದರೆ ಕೆರೆ. ನಮ್ಮಲ್ಲಿ ‘ಏರಿ’ ಎಂದರೆ ಕೆರೆಯ ಕಟ್ಟೆ, ನೀರನ್ನು ತಡೆದು ನಿಲ್ಲಿಸುವ ಮಣ್ಣಿನ ದಿಬ್ಬ. ಅದೇ ದಿಬ್ಬಕ್ಕೆ ತಮಿಳಿನಲ್ಲಿ ‘ಕರೈ’ ಎಂಬ ಮಾತಿದೆ. ಅದು ನಮ್ಮ ‘ಕೆರೆ’ಯ ಹಾಗೆ ಕೇಳಿಸುತ್ತದೆ. ಒಂದು ಭಾಷೆಯಲ್ಲಿ ನೀರಾದದ್ದು ಇನ್ನೊಂದರಲ್ಲಿ ದಡವಾಗುತ್ತದೆ, ದಡವಾದದ್ದು ನೀರಿನಂತೆ ಕೇಳಿಸುತ್ತದೆ. ಎರಡು ಭಾಷೆಗಳ ನಡುವೆ ಬಾಳುವ ನಮ್ಮಂಥವರಿಗೆ ಇಂಥ ಮಾತುಗಳು ಮನೆಯ ಪಡಸಾಲೆಯ ವಿನೋದ. ಅದೇ ಮಾತು ಜಮೀನಿನ ಪತ್ರದೊಳಗೆ ಸೇರಿದರೆ ವಿನೋದವಾಗಿ ಉಳಿಯುವುದಿಲ್ಲ.

ಈ ಸಲದ ಸಾಹಿತ್ಯ ಸಮ್ಮೇಳನ ಏರ್ಕಾಡಿನಲ್ಲಿ ನಡೆಯುವುದೆಂದೂ ಸಂಚಿಕೆಗೆ ಲೇಖನವೊಂದು ಬೇಕೆಂದೂ ಸಂಪಾದಕ ಮಿತ್ರರು ತಿಳಿಸಿದಾಗ ನಮಗೆ ಮೊದಲು ನೆನಪಾದದ್ದು ಈ ಒಂದು ಮಾತು. ಅದರ ಹಿಂದೆಯೇ ನೆನಪಾದದ್ದು ಒಂದು ಪುರಸಭೆಯ ಕಾನೂನು ವಿಭಾಗದ ಹಳೆಯ ಕಡತ. ಸಾಹಿತ್ಯ ಸಮ್ಮೇಳನದ ಸಂಚಿಕೆಯಲ್ಲಿ ಕಚೇರಿಯ ಕಡತಗಳಿಗೆ ಏನು ಕೆಲಸವೆಂದು ಕೆಲವರಿಗೆ ಅನ್ನಿಸೀತು. ಕಾವ್ಯ, ಶಾಸನ, ಜಾನಪದ ಇವುಗಳಲ್ಲಿ ನಮ್ಮ ಹಿರಿಯರ ದನಿಯನ್ನು ಹುಡುಕುವ ನಾವು, ಅವರ ದನಿ ನಿಜವಾಗಿ ದಾಖಲಾದ ಇನ್ನೊಂದು ತಾಣವನ್ನು ಮರೆತಿದ್ದೇವೆ ಎಂಬುದೇ ನಮ್ಮ ನಿವೇದನೆ.

ಪುರಸಭೆಯ ಕಾನೂನು ವಿಭಾಗವೆಂದರೆ ದೊಡ್ಡ ಏರ್ಪಾಡೇನೂ ಅಲ್ಲ. ಎರಡು ಮೇಜು, ನಾಲ್ಕು ಬೀರು, ಒಬ್ಬಿಬ್ಬರು ಗುಮಾಸ್ತರು, ಕೋರ್ಟಿನಲ್ಲಿ ಪುರಸಭೆಯ ಪರವಾಗಿ ನಿಲ್ಲುವ ಒಬ್ಬ ವಕೀಲರು. ಪುರಸಭೆ ಹೂಡಿದ ದಾವೆಗಳು, ಪುರಸಭೆಯ ಮೇಲೆ ಜನರು ಹೂಡಿದ ದಾವೆಗಳು ಎಲ್ಲವೂ ಅಲ್ಲಿಯ ದಾವೆ ರಿಜಿಸ್ಟರಿನಲ್ಲಿ ಸಾಲಾಗಿ ನಮೂದಾಗುತ್ತವೆ. ಪ್ರತಿ ದಾವೆಗೂ ಒಂದು ಕಡತ. ಮೊದಲು ಜನರು ಕೊಟ್ಟ ನೋಟೀಸು, ಆಮೇಲೆ ವಾದಪತ್ರ, ಪುರಸಭೆಯ ಪ್ರತಿವಾದ ಪತ್ರ, ವಕೀಲರ ಅಭಿಪ್ರಾಯ, ನಕಾಶೆ, ಸಾಕ್ಷಿಗಳ ಹೇಳಿಕೆಯ ನಕಲು, ಕೊನೆಗೆ ತೀರ್ಪು ಮತ್ತು ಡಿಕ್ರಿ. ಬಟ್ಟೆಯಲ್ಲಿ ಸುತ್ತಿ ದಾರದಿಂದ ಬಿಗಿದು ಮೇಲಿನ ಹಲಗೆಗೆ ಏರಿಸಿದರೆ ಒಂದು ಕಡತದ ಆಯುಷ್ಯದ ಪೂರ್ವಾರ್ಧ ಮುಗಿಯಿತು.

ಆ ಕಡತಗಳಲ್ಲಿ ಬರುವವರು ಯಾರು? ಬೀದಿಯ ಅಂಚಿಗೆ ಜಗಲಿ ಕಟ್ಟಿದವರು, ಸಂತೆಯ ಕಟ್ಟೆಯ ಹರಾಜಿನಲ್ಲಿ ಸೋತವರು, ಚರಂಡಿಯ ನೀರು ಮಗ್ಗದ ಗುಂಡಿಗೆ ನುಗ್ಗಿತೆಂದು ದೂರಿದ ನೇಕಾರರು, ಮನೆ ತೆರಿಗೆ ಹೆಚ್ಚಾಯಿತೆಂದು ಬಂದ ವಿಧವೆಯರು, ಶ್ಮಶಾನದ ದಾರಿ ಮುಚ್ಚಿತೆಂದು ಸೇರಿ ಬಂದ ಕೇರಿಯವರು. ಇವರಲ್ಲಿ ಯಾರೂ ಆತ್ಮಕಥೆ ಬರೆದವರಲ್ಲ. ಇವರಲ್ಲಿ ಅನೇಕರಿಗೆ ಓದುಬರಹವೇ ತಿಳಿಯದು. ಆದರೂ ತಮ್ಮ ತಂದೆಯ ಹೆಸರೇನು, ಕಸುಬೇನು, ಮನೆ ಯಾವ ಬೀದಿಯಲ್ಲಿ, ಮನೆಯ ಹಿಂದೆ ಯಾವ ಮರವಿತ್ತು, ಬಾವಿಯನ್ನು ಯಾರು ತೋಡಿಸಿದರು ಎಂಬುದನ್ನೆಲ್ಲ ಅವರು ಪ್ರಮಾಣ ಮಾಡಿ ಹೇಳಿದ್ದಾರೆ, ಇನ್ನೊಬ್ಬರು ಬರೆದುಕೊಂಡಿದ್ದಾರೆ. ಊರಿನ ದೊಡ್ಡವರ ಚರಿತ್ರೆಗೆ ಕಲ್ಲುಗಳುಂಟು, ಫಲಕಗಳುಂಟು. ಸಾಮಾನ್ಯರ ಚರಿತ್ರೆ ಬಹುಮಟ್ಟಿಗೆ ಅವರ ವ್ಯಾಜ್ಯಗಳಲ್ಲಿಯೇ ಉಳಿದಿದೆ.

ಬೆಟ್ಟದ ಬುಡದಲ್ಲಿರುವ ಸೇಲಂ ನಗರವನ್ನೇ ತೆಗೆದುಕೊಳ್ಳೋಣ. ಅಲ್ಲಿ ಪುರಸಭೆ ಸ್ಥಾಪನೆಯಾದದ್ದು 1866ರಲ್ಲಿ. ಅದು ನಗರಪಾಲಿಕೆಯಾದದ್ದು 1994ರಲ್ಲಿ. ಆ ಪುರಸಭೆಗೆ ಸಂಬಂಧಿಸಿದ ಒಂದು ಮೊಕದ್ದಮೆ ಭಾರತದ ಕಾನೂನು ಚರಿತ್ರೆಯಲ್ಲಿಯೇ ಸ್ಥಾನ ಪಡೆದಿದೆ. 1882ರಲ್ಲಿ ಸೇಲಂನಲ್ಲಿ ದುರದೃಷ್ಟದ ಗಲಭೆಯೊಂದು ನಡೆಯಿತು. ಆಗ ಪುರಸಭೆಯ ಸದಸ್ಯರಾಗಿದ್ದ ಯುವಕ ಸಿ. ವಿಜಯರಾಘವಾಚಾರ್ಯರ ಮೇಲೆ ಗಲಭೆಗೆ ಪ್ರಚೋದನೆ ನೀಡಿದರೆಂಬ ಆರೋಪ ಬಂದಿತು. ಕೆಳಗಿನ ನ್ಯಾಯಾಲಯ ಹತ್ತು ವರ್ಷಗಳ ಶಿಕ್ಷೆ ವಿಧಿಸಿತು; ಮದರಾಸು ಉಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿ ಅವರನ್ನು ದೋಷಮುಕ್ತರನ್ನಾಗಿ ಮಾಡಿತು. ಈ ನಡುವೆ ಸರ್ಕಾರ ಅವರನ್ನು ಪುರಸಭೆಯ ಸದಸ್ಯತ್ವದಿಂದ ತೆಗೆದುಹಾಕಿತ್ತು. ಅವರು ಸುಮ್ಮನಿರಲಿಲ್ಲ. ತಮ್ಮ ಮಾತನ್ನು ಕೇಳದೆಯೇ ತಮ್ಮನ್ನು ತೆಗೆದದ್ದು ಸರಿಯಲ್ಲವೆಂದು ಭಾರತ ಮಂತ್ರಿಯ ಮೇಲೆಯೇ ದಾವೆ ಹೂಡಿ ಗೆದ್ದರು. 1884ರ ಆ ತೀರ್ಪಿನಲ್ಲಿ ಅವರಿಗೆ ದೊರೆತ ಪರಿಹಾರ 100 ರೂಪಾಯಿ. ಹಣ ಸಣ್ಣದು, ತತ್ತ್ವ ದೊಡ್ಡದು. ಯಾರ ಮೇಲೆ ಕ್ರಮ ಕೈಗೊಳ್ಳುತ್ತೀರೋ ಅವರ ಮಾತನ್ನು ಮೊದಲು ಕೇಳಿರಿ ಎಂಬುದು ಆ ತತ್ತ್ವ. ಇದೇ ವಿಜಯರಾಘವಾಚಾರ್ಯರು 1920ರಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದರು.

ಅದೇ ಪುರಸಭೆಗೆ 1917ರಿಂದ 1919ರವರೆಗೆ ಅಧ್ಯಕ್ಷರಾಗಿದ್ದವರು ಚಕ್ರವರ್ತಿ ರಾಜಗೋಪಾಲಾಚಾರ್ಯರು. ಹೊಸೂರಿನ ಬಳಿಯ ತೊರಪ್ಪಳ್ಳಿಯಲ್ಲಿ ಹುಟ್ಟಿ, ಹೊಸೂರಿನಲ್ಲಿಯೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ಓದಿ, 1900ರಲ್ಲಿ ಸೇಲಂಗೆ ಬಂದು ವಕೀಲಿ ಆರಂಭಿಸಿದವರು ಅವರು. ವಕೀಲರೊಬ್ಬರು ಪುರಸಭೆಯ ಅಧ್ಯಕ್ಷಪೀಠದಲ್ಲಿ ಕುಳಿತ ಕಾಲದ ಕಾಗದಪತ್ರಗಳಿಗೆ ಚರಿತ್ರೆಯ ವಿದ್ಯಾರ್ಥಿಗಳು ಎಷ್ಟು ಬೆಲೆ ಕೊಡುತ್ತಾರೆಂಬುದನ್ನು ಬೇರೆ ಹೇಳಬೇಕಿಲ್ಲ. ಆದರೆ ಗುಮಾಸ್ತರು ಅಧ್ಯಕ್ಷರ ಕಾಗದವನ್ನೂ ನೇಕಾರನ ಕಾಗದವನ್ನೂ ಒಂದೇ ದಾರದಲ್ಲಿ ಕಟ್ಟುತ್ತಾರೆ. ದಾರದ ಆ ಸಮಾನತೆ ನಮಗೆ ಬಹಳ ಪ್ರಿಯವಾದದ್ದು.

ನಮ್ಮ ಈ ನಾಡಿನಲ್ಲಿ ಕನ್ನಡದ ದಾಖಲೆ ನಿನ್ನೆ ಮೊನ್ನೆಯದಲ್ಲ. ಧರ್ಮಪುರಿಯಲ್ಲಿ ದೊರೆತ ನೊಳಂಬ ದೊರೆ ಮಹೇಂದ್ರನ ಕನ್ನಡ ಶಾಸನದ ಕಾಲ ಶಕ 815, ಅಂದರೆ ಕ್ರಿ.ಶ. 893. ಅದು ಜೈನ ಬಸದಿಯೊಂದಕ್ಕೆ ಸಂಬಂಧಿಸಿದ ದಾನವನ್ನು ಹೇಳುತ್ತದೆ. ಶಾಸನವೆಂದು ನಾವು ಗೌರವದಿಂದ ಕರೆಯುವುದು ಆ ಕಾಲದ ಆಸ್ತಿಪತ್ರವೇ ಅಲ್ಲವೇ? ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಯಾವುದಕ್ಕಾಗಿ ಕೊಟ್ಟರು ಎಂಬುದನ್ನು ಮುಂದೆ ಯಾರೂ ಅಲ್ಲಗಳೆಯಬಾರದೆಂದೇ ಕಲ್ಲಿನಲ್ಲಿ ಕೊರೆಯಿಸಿದರು. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲ್ ಮತ್ತು ಸೇಲಂ ಸೀಮೆಗಳು ಟಿಪ್ಪುವಿನಿಂದ ಕಂಪನಿಗೆ ಹೋದವು. ಅಲೆಗ್ಸಾಂಡರ್ ರೀಡ್ ಎಂಬ ಸೈನ್ಯಾಧಿಕಾರಿ ಇಲ್ಲಿಯ ಮೊದಲ ಕಲೆಕ್ಟರನಾಗಿ, ಥಾಮಸ್ ಮನ್ರೋ ಮೊದಲಾದ ಸಹಾಯಕರೊಡನೆ ಊರೂರು ಸುತ್ತಿ ಜಮೀನುಗಳನ್ನು ಅಳೆಸಿದನು. ಕಲ್ಲಿನ ಮೇಲಿದ್ದದ್ದು ಕಾಗದಕ್ಕೆ ಇಳಿಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲ ಮೈಸೂರಿಗೆ ಸೇರಿತು, ಹೊಸೂರು ಮದರಾಸಿನಲ್ಲಿಯೇ ಉಳಿಯಿತು. 1965ರಲ್ಲಿ ಧರ್ಮಪುರಿ ಸೇಲಂನಿಂದ ಬೇರೆಯಾಯಿತು. 2004ರಲ್ಲಿ ಕೃಷ್ಣಗಿರಿ ಧರ್ಮಪುರಿಯಿಂದ ಬೇರೆಯಾಯಿತು. ಪ್ರತಿ ಸಲ ಗಡಿ ಬದಲಾದಾಗಲೂ ಗಾಡಿಗಳಲ್ಲಿ ಕಡತಗಳು ಊರಿನಿಂದ ಊರಿಗೆ ಹೋದವು. ಮನುಷ್ಯರು ಇದ್ದಲ್ಲಿಯೇ ಇದ್ದರು, ಅವರ ಕಾಗದಗಳು ವಲಸೆ ಹೋದವು.

ಇನ್ನು ನಮ್ಮ ಅನುಭವಕ್ಕೆ ಬರೋಣ. ಹಳೆಯ ಸೇಲಂ ಜಿಲ್ಲೆಯ ಗಡಿಭಾಗದ ಒಂದು ಪಟ್ಟಣದಲ್ಲಿ ನಾವು ಹನ್ನೊಂದು ವರ್ಷ ಮುಖ್ಯೋಪಾಧ್ಯಾಯರಾಗಿದ್ದೆವು. ಊರಿನ ಹೆಸರು ಇಲ್ಲಿ ಅವಶ್ಯವಲ್ಲ. ನೇಕಾರರ ಬೀದಿಯ ಕೊನೆಯಲ್ಲಿ ಶಾಲೆ. ಶಾಲೆಯ ಹಿಂದೆ ಕೆರೆ. ದೇವಾಂಗ ಹಿರಿಯರೊಬ್ಬರು ಸ್ವಾತಂತ್ರ್ಯಕ್ಕೆ ಬಹು ಮೊದಲೇ ದಾನಪತ್ರ ಬರೆದುಕೊಟ್ಟಿದ್ದ ಜಾಗ ಅದು. ಕನ್ನಡದ ತರಗತಿಗಳೂ ತಮಿಳಿನ ತರಗತಿಗಳೂ ಒಂದೇ ಹೆಂಚಿನ ಕೆಳಗೆ ನಡೆಯುತ್ತಿದ್ದವು. ಕನ್ನಡದ ಮಕ್ಕಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರೂ ಕೊಠಡಿಗಳೆರಡು ಇನ್ನೂ ನಮ್ಮವಾಗಿದ್ದವು.

1997ರ ಬೇಸಿಗೆಯಲ್ಲಿ ಅಲ್ಲಿಯ ಪುರಸಭೆಯಿಂದ ನೋಟೀಸು ಬಂದಿತು. ಶಾಲೆಯ ಹಿಂದಿನ ಎರಡು ಕೊಠಡಿಗಳು ಕೆರೆಯ ಪುರಂಬೋಕು ಜಾಗದಲ್ಲಿವೆ, ಹದಿನೈದು ದಿನಗಳೊಳಗೆ ತೆರವು ಮಾಡತಕ್ಕದ್ದು ಎಂಬುದು ಅದರ ಒಕ್ಕಣೆ. ಆ ಎರಡು ಕೊಠಡಿಗಳು ಕನ್ನಡದ ತರಗತಿಗಳೇ ಆಗಿದ್ದವು. ಅವು ಹೋದರೆ ಹೊಸದಾಗಿ ಕಟ್ಟಿಸಲು ಹಣವಿರಲಿಲ್ಲ. ತರಗತಿ ಒಮ್ಮೆ ನಿಂತರೆ ಮತ್ತೆ ಆರಂಭವಾಗುವ ಭರವಸೆಯೂ ಇರಲಿಲ್ಲ. ಪುರಸಭೆಯ ಆಧಾರ ನಮ್ಮ ದಾನಪತ್ರವೇ. 1970ರ ದಶಕದಲ್ಲಿ ಯಾವುದೋ ಅಗತ್ಯಕ್ಕೆ ಮಾಡಿಸಿದ್ದ ಅದರ ತಮಿಳು ಅನುವಾದ ಅವರ ಬಳಿ ಇತ್ತು. ಅದರ ಚೆಕ್ಕುಬಂದಿಯಲ್ಲಿ ಪಶ್ಚಿಮದ ಮೇರೆ ‘ಏರಿ’ ಎಂದು ಬರೆದಿತ್ತು. ಜಾಗದ ಮೇರೆ ಕೆರೆಯೇ ಆಗಿದ್ದರೆ ಕೆರೆಯನ್ನು ಬಳಸಿಕೊಂಡಿರುವ ನೆಲವೆಲ್ಲ ಕೆರೆಯದೇ ಎಂಬುದು ಅಳತೆದಾರರ ವಾದ. ಕೆರೆಯಲ್ಲಿ ಆ ವೇಳೆಗೆ ನೀರು ನಿಲ್ಲುವುದೇ ಅಪರೂಪವಾಗಿ, ಏರಿಯ ಮಣ್ಣನ್ನು ಜನರು ಹೊತ್ತೊಯ್ದು, ಯಾವುದು ಒಳಗು ಯಾವುದು ಹೊರಗು ಎಂಬುದು ಕಣ್ಣಿಗೆ ತಿಳಿಯದಂತಾಗಿತ್ತು.

ಮೂಲ ಕನ್ನಡ ಪತ್ರದಲ್ಲಿದ್ದ ಮಾತೂ ‘ಏರಿ’ಯೇ. ‘ಪಡುವಲು ಏರಿ’ ಎಂದಿದ್ದುದನ್ನು ಅನುವಾದಕರು ‘ಪಡುವಲು’ ಎಂಬುದನ್ನು ಪಶ್ಚಿಮವೆಂದು ಸರಿಯಾಗಿ ತಿರುಗಿಸಿ, ‘ಏರಿ’ ತಮ್ಮದೇ ಮಾತೆಂದು ಹಾಗೆಯೇ ಉಳಿಸಿಕೊಂಡಿದ್ದರು. ಅಕ್ಷರವೊಂದೂ ತಪ್ಪಿರಲಿಲ್ಲ, ಅರ್ಥ ಪೂರ್ತಿ ತಪ್ಪಿತ್ತು. ಮೇರೆ ಏರಿಯಾದರೆ ನೆಲ ಏರಿಯ ಕೆಳಗಿನದು, ಕೆರೆಯ ಹೊರಗಿನದು. ಮೇರೆ ಕೆರೆಯಾದರೆ ನೆಲದ ಗತಿಯೇ ಬೇರೆ. ಇದನ್ನು ನಾವು ಬರೆದು ತಿಳಿಸಿದೆವು. ಕನ್ನಡದಲ್ಲಿ ಏರಿ ಎಂದರೆ ಕಟ್ಟೆ ಎಂಬುದಕ್ಕೆ ನಿಘಂಟಿನ ಪುಟವನ್ನೂ ಲಗತ್ತಿಸಿದೆವು. ಶಾಲೆಯವರು ತಮಗೆ ಬೇಕಾದ ಅರ್ಥ ಹೇಳುತ್ತಿದ್ದಾರೆ ಎಂಬ ಉತ್ತರ ಬಂದಿತು. ನಿಘಂಟು ನ್ಯಾಯಾಲಯದ ಸಾಕ್ಷಿಯಲ್ಲವಲ್ಲ!

ಆಗ ನಮ್ಮ ಶಾಲೆಯ ನಿವೃತ್ತ ಜವಾನರೊಬ್ಬರು, ಹಿಂದೆ ಇದೇ ಜಾಗದ ದಾರಿಯ ವಿಷಯವಾಗಿ ವ್ಯಾಜ್ಯ ನಡೆದಿತ್ತೆಂದು ತಮ್ಮ ತಂದೆ ಹೇಳುತ್ತಿದ್ದುದನ್ನು ತಿಳಿಸಿದರು. ನಾವು ಪುರಸಭೆಯ ಕಾನೂನು ವಿಭಾಗಕ್ಕೆ ಹೋಗಿ ಅರ್ಜಿ ಕೊಟ್ಟೆವು. ಅಲ್ಲಿದ್ದ ಗುಮಾಸ್ತೆ ತಮಿಳು ಮನೆಮಾತಿನ ಹೆಣ್ಣುಮಗಳು. “ಐಯಾ, ಪುರಸಭೆಗಿಂತ ಮೊದಲು ಇಲ್ಲಿ ಪಂಚಾಯತಿ ಬೋರ್ಡು ಇತ್ತಲ್ಲ, ಆ ಕಾಲದ ರಿಜಿಸ್ಟರು ಮೇಲಿದೆ. ಇಳಿಸಿ ನೋಡೋಣ” ಎಂದು ಅವರೇ ಏಣಿ ತರಿಸಿದರು. ಬೋರ್ಡು ಹೋಗಿ ಪುರಸಭೆ ಬಂದಾಗ ಹಳೆಯ ದಾವೆ ಕಡತಗಳೂ ವಾರಸುದಾರಿಕೆಯಂತೆ ಕೈಸೇರಿದ್ದವು. ಹಳೆಯ ಕಾಗದಗಳಲ್ಲಿ ಫಸಲಿ ವರ್ಷದ ಲೆಕ್ಕ. 590 ಕೂಡಿಸಿದರೆ ಇಸವಿ ಸಿಗುತ್ತದೆ ಎಂಬುದನ್ನು ಗುಮಾಸ್ತೆಯವರೇ ನಮಗೆ ಕಲಿಸಿಕೊಟ್ಟರು. ಮೂರನೆಯ ದಿನದ ಸಂಜೆ ಕಡತ ಸಿಕ್ಕಿತು.

ದಾನ ಮಾಡಿದ ಹಿರಿಯರೇ ಅದರಲ್ಲಿ ವಾದಿ. ಕೆರೆಗೆ ಹೋಗುವ ದಾರಿಗಾಗಿ ಬೋರ್ಡಿನವರು ಶಾಲೆಯ ಜಾಗದಲ್ಲಿ ಕಲ್ಲು ನೆಟ್ಟಾಗ ಅವರು ಮುನ್ಸೀಫ್ ಕೋರ್ಟಿಗೆ ಹೋಗಿದ್ದರು. ಬೋರ್ಡಿನ ಪ್ರತಿವಾದ ಪತ್ರ ಇಂಗ್ಲಿಷಿನಲ್ಲಿತ್ತು. ಕೆರೆಯ ಕಟ್ಟೆಯು ಬೋರ್ಡಿಗೆ ಸೇರಿದ್ದು, ಕಟ್ಟೆಯ ಕೆಳಗಿನ ನೆಲ ವಾದಿಗೆ ಸೇರಿದ್ದೆಂಬುದನ್ನು ಅಲ್ಲಗಳೆಯುವುದಿಲ್ಲ, ಆದರೆ ಆ ನೆಲದ ಅಂಚಿನಲ್ಲಿ ಜನರು ನೀರಿಗೆ ನಡೆಯುವ ದಾರಿ ಪೂರ್ವದಿಂದ ಇದೆ ಎಂಬುದು ಅದರ ಸಾರಾಂಶ. ಜೊತೆಗೆ ಲಗತ್ತಾಗಿದ್ದ ದಾನಪತ್ರದ ಇಂಗ್ಲಿಷ್ ಅನುವಾದದಲ್ಲಿ ಪಶ್ಚಿಮದ ಮೇರೆ ‘ಟ್ಯಾಂಕ್ ಬಂಡ್’ ಎಂದೇ ಇತ್ತು. ಕೊನೆಗೆ ರಾಜಿಯಾಗಿ, ದಾರಿ ಜನರಿಗೆ ಉಳಿಯಿತು, ನೆಲ ಶಾಲೆಗೆ ಉಳಿಯಿತು. ಇಂದಿಗೂ ಆ ಬೀದಿಯವರು ಅದೇ ದಾರಿಯಲ್ಲಿ ಓಡಾಡುತ್ತಾರೆ.

ಆ ಹಿರಿಯರ ಸಾಕ್ಷಿ ಹೇಳಿಕೆಯನ್ನು ಅಂದು ನಾವು ಎರಡು ಸಲ ಓದಿದೆವು. ತಾವು ಮಗ್ಗ ನೇಯುವವರೆಂದೂ ಸಹಿ ಮಾಡಲಷ್ಟೇ ಬಲ್ಲವರೆಂದೂ ತಿಳಿಸಿದ್ದರು. ಬೀದಿಯ ಮಕ್ಕಳು ಲೆಕ್ಕ ತಿಳಿಯದೆ ನೂಲಿನ ವ್ಯಾಪಾರಿಗಳ ಬಳಿ ಮೋಸಹೋಗುವುದನ್ನು ಕಂಡು ಜಾಗ ಕೊಟ್ಟೆನೆಂದು ಹೇಳಿದ್ದರು. ಶಾಲೆಯಲ್ಲಿ ಅವರ ಹೆಸರಿನ ಕಲ್ಲು ಒಂದಿತ್ತು, ಪ್ರತಿ ವರ್ಷ ಅದಕ್ಕೆ ಹೂವನ್ನೂ ಇಡುತ್ತಿದ್ದೆವು. ಅವರು ಏಕೆ ಕೊಟ್ಟರೆಂಬುದು ಆ ಕಲ್ಲಿನಲ್ಲಿರಲಿಲ್ಲ. ಅದು ಇದ್ದದ್ದು ಈ ಕಡತದಲ್ಲಿ ಮಾತ್ರ.

ಹಿಂದಿನ ಆಡಳಿತವೇ ಬರೆದುಕೊಟ್ಟ ಮಾತನ್ನು ಇಂದಿನ ಆಡಳಿತ ಮೀರುವುದು ಸುಲಭವಲ್ಲ. ನಕಲುಗಳನ್ನು ಸಲ್ಲಿಸಿದ ಮೇಲೆ ವಿಚಾರಣೆ ಸುಮಾರು ಒಂದು ವರ್ಷ ಎಳೆದು, ಕೊನೆಗೆ ನೋಟೀಸನ್ನು ಹಿಂತೆಗೆದುಕೊಂಡರು. ಕೊಠಡಿಗಳು ಉಳಿದವು. ನಾವು ನಿವೃತ್ತರಾಗುವವರೆಗೂ ಅಲ್ಲಿ ಕನ್ನಡದ ಪಾಠ ನಡೆಯಿತು. ಕನ್ನಡದ ಶಾಲೆಯನ್ನು ಉಳಿಸಿದ್ದು ತಮಿಳು ಗುಮಾಸ್ತೆಯ ಶ್ರದ್ಧೆ ಮತ್ತು ಇಂಗ್ಲಿಷಿನ ಒಂದು ಪದ ಎಂಬುದನ್ನು ಭಾಷಾಭಿಮಾನದ ಭರದಲ್ಲಿ ನಾವು ಮರೆಯಬಾರದು.

ಇಲ್ಲಿಗೆ ಕಥೆ ಮುಗಿದಿದ್ದರೆ ಈ ಲೇಖನ ಅವಶ್ಯವಿರಲಿಲ್ಲ. ಆ ಕಡತ ಅರುವತ್ತು ವರ್ಷಕ್ಕೂ ಹೆಚ್ಚು ಕಾಲ ಉಳಿದದ್ದು ಹೇಗೆಂದು ನಾವು ಕೇಳಿದಾಗ ಗುಮಾಸ್ತೆಯವರು ಮೇಲಿನ ಹೊದಿಕೆಯ ಮೂಲೆಯನ್ನು ತೋರಿಸಿದರು. ಅಲ್ಲಿ ಕೆಂಪು ಶಾಯಿಯಲ್ಲಿ ‘ಆರ್. ಡಿಸ್.’ ಎಂದಿತ್ತು. ಮದರಾಸು ಪ್ರಾಂತ್ಯದ ಕಚೇರಿ ಪದ್ಧತಿಯಲ್ಲಿ ಮುಗಿದ ಪ್ರತಿ ಕಡತಕ್ಕೂ ಒಂದು ಗುರುತು ಹಾಕಬೇಕು. ‘ಆರ್’ ಎಂದರೆ ಶಾಶ್ವತವಾಗಿ ಉಳಿಸತಕ್ಕದ್ದು. ‘ಡಿ’ ಎಂದರೆ ಹತ್ತು ವರ್ಷ ಇಟ್ಟು ನಾಶಮಾಡತಕ್ಕದ್ದು. ‘ಕೆ’ಗೆ ಮೂರು ವರ್ಷ, ‘ಎಲ್’ಗೆ ಒಂದೇ ವರ್ಷ. ಎಂದೋ ಒಂದು ಮಧ್ಯಾಹ್ನ, ಹೆಸರೂ ತಿಳಿಯದ ಒಬ್ಬ ಗುಮಾಸ್ತರು ‘ಡಿ’ ಎಂದು ಬರೆಯದೆ ‘ಆರ್’ ಎಂದು ಬರೆದರು. ಅಷ್ಟರಿಂದ ನಮ್ಮ ಮಕ್ಕಳಿಗೆ ಎರಡು ಕೊಠಡಿಗಳು ಉಳಿದವು.

ಅದೇ ಹಲಗೆಯಲ್ಲಿ ‘ಡಿ’ ಗುರುತಿನ ಕಟ್ಟುಗಳೂ ಇದ್ದವು. ಅವುಗಳ ಅವಧಿ ಎಂದೋ ಮುಗಿದು, ವಿಲೇವಾರಿಯ ಪಟ್ಟಿ ಸಿದ್ಧವಾಗಿತ್ತು. ಕೆಲವನ್ನು ಬಿಚ್ಚಿ ನೋಡಿದರೆ ಒಳಗೆ ಕನ್ನಡದ ಪತ್ರಗಳು, ಹಳೆಯ ಮೋಡಿ ಅಕ್ಷರದವು. ಕಚೇರಿಯಲ್ಲಿ ಅವನ್ನು ಓದಬಲ್ಲವರು ಯಾರೂ ಇರಲಿಲ್ಲ. ಓದಲಾಗದ ಕಾಗದಕ್ಕೆ ಯಾವ ಗುರುತು ಹಾಕಬೇಕು? ಶಾಶ್ವತವೆಂದು ಬರೆಯಲು ಕಾರಣ ಕೊಡಬೇಕು, ಓದದೆ ಕಾರಣ ಕೊಡುವಂತಿಲ್ಲ. ಹಾಗಾಗಿ ಓದಲಾಗದ್ದು ಮೊದಲು ಹೋಗುತ್ತದೆ. ಇದರಲ್ಲಿ ದ್ವೇಷವಿಲ್ಲ, ದುರುದ್ದೇಶವೂ ಇಲ್ಲ. ಓದುವವರಿಲ್ಲ ಎಂಬುದೊಂದೇ ಕಾರಣ. ನಾವೂ ಇನ್ನಿಬ್ಬರು ನಿವೃತ್ತ ಕನ್ನಡ ಪಂಡಿತರೂ ಅಧಿಕಾರಿಗಳಲ್ಲಿ ಒಂದು ವಾರದ ಅವಕಾಶ ಬೇಡಿ, ಪ್ರತಿದಿನ ಮಧ್ಯಾಹ್ನ ಹೋಗಿ ಕುಳಿತು, ಒಂದೊಂದು ಪತ್ರಕ್ಕೂ ಎರಡು ಸಾಲಿನ ತಾತ್ಪರ್ಯವನ್ನು ತಮಿಳಿನಲ್ಲಿ ಬರೆದುಕೊಟ್ಟೆವು. ಒಂದು ಛತ್ರದ ದಾನ, ಒಂದು ಬಾವಿಯ ಹಕ್ಕು, ಮಾರಿಹಬ್ಬದ ತೇರು ಯಾವ ಬೀದಿಯಲ್ಲಿ ತಿರುಗಬೇಕೆಂಬ ಒಪ್ಪಂದ, ಸಾಲಕ್ಕೆ ಮಗ್ಗವನ್ನು ಒತ್ತೆಯಿಟ್ಟ ಪತ್ರ. ಅಧಿಕಾರಿಗಳು ಸಹೃದಯರು, ಅನೇಕ ಕಟ್ಟುಗಳ ಗುರುತನ್ನು ಬದಲಾಯಿಸಿದರು. ಆದರೆ ಹಿಂದಿನ ವರ್ಷದ ವಿಲೇವಾರಿಯಲ್ಲಿ ಹೋದವುಗಳ ಪಟ್ಟಿಯೂ ನಮ್ಮ ಕಣ್ಣಿಗೆ ಬಿದ್ದಿತು. ಅದರಲ್ಲಿ ಹಲವು ಕಟ್ಟುಗಳ ಎದುರು ‘ಕನ್ನಡ ಕಾಗದಗಳು’ ಎಂದಷ್ಟೇ ಬರೆದಿತ್ತು. ಅವುಗಳಲ್ಲಿ ಏನಿತ್ತೆಂಬುದನ್ನು ಇನ್ನು ಯಾರೂ ಹೇಳಲಾರರು.

ಹಳೆಯ ಕಾಗದಕ್ಕೆ ಕಾನೂನಿನಲ್ಲಿಯೂ ಬೆಲೆಯುಂಟು. ಮೂವತ್ತು ವರ್ಷ ದಾಟಿದ ಪತ್ರವು ಯೋಗ್ಯವಾದ ಸ್ವಾಧೀನದಿಂದ ಹೊರಬಂದರೆ, ಅದರ ಸಹಿ ಬರಹಗಳು ನಿಜವೆಂದು ನ್ಯಾಯಾಲಯ ಭಾವಿಸಬಹುದೆಂದು 1872ರ ಸಾಕ್ಷ್ಯ ಅಧಿನಿಯಮದ 90ನೆಯ ಪ್ರಕರಣ ಹೇಳುತ್ತಿತ್ತು. ಬರೆದವರೂ ಸಾಕ್ಷಿ ಹಾಕಿದವರೂ ಸತ್ತುಹೋದ ಮೇಲೆ ಪತ್ರದ ಪರವಾಗಿ ಮಾತನಾಡುವುದು ಅದು ಇದ್ದ ಸ್ಥಳವೇ. ಹಾಗೆಯೇ 1908ರ ನೋಂದಣಿ ಅಧಿನಿಯಮದ 19ನೆಯ ಪ್ರಕರಣವೂ ನಮಗೆ ಸಂಬಂಧಿಸಿದ್ದು. ನೋಂದಣಿ ಅಧಿಕಾರಿಗೆ ತಿಳಿಯದ, ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿಲ್ಲದ ಭಾಷೆಯಲ್ಲಿ ಪತ್ರವಿದ್ದರೆ ಜೊತೆಗೆ ಅನುವಾದ ಕೊಡಬೇಕು ಎಂಬುದು ಅದರ ತಾತ್ಪರ್ಯ. ಒಂದು ಜಿಲ್ಲೆಯಲ್ಲಿ ಒಂದು ಭಾಷೆ ಬಳಕೆಯಲ್ಲಿದೆಯೇ ಎಂಬ ಪ್ರಶ್ನೆಗೆ ಉತ್ತರ ಭಾಷಣಗಳಿಂದ ಬರುವುದಿಲ್ಲ. ಆ ಭಾಷೆಯಲ್ಲಿ ಕಾಗದ ಹುಟ್ಟುತ್ತಿದೆಯೇ, ಹುಟ್ಟಿದ ಕಾಗದವನ್ನು ಓದುವವರಿದ್ದಾರೆಯೇ ಎಂಬುದರಿಂದ ಬರುತ್ತದೆ.

ರಾಜ್ಯಮಟ್ಟದ ದಾಖಲೆಗಳಿಗೆ ರಕ್ಷಣೆಯುಂಟು. ಮದರಾಸಿನ ಎಗ್ಮೋರಿನಲ್ಲಿ 1909ರಲ್ಲಿ ಆರಂಭವಾದ ರೆಕಾರ್ಡ್ ಆಫೀಸು ಇಂದಿನ ತಮಿಳುನಾಡು ಪತ್ರಾಗಾರ. ರೀಡ್, ಮನ್ರೋ ಕಾಲದ ಬಾರಾಮಹಲ್ ದಾಖಲೆಗಳನ್ನು ಮದರಾಸು ಸರ್ಕಾರ ಹಿಂದೆಯೇ ಸಂಪುಟಗಳಾಗಿ ಮುದ್ರಿಸಿತ್ತು. ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ಪತ್ರಾಗಾರವಿದೆ. ನಮ್ಮ ಸಂಘದ ಅನೇಕರ ಮಕ್ಕಳು ನೆಲೆಸಿರುವ ಅಮೆರಿಕದ ಸಿಯಾಟಲ್ ನಗರಾಡಳಿತವು ತನ್ನದೇ ಆದ ಪತ್ರಾಗಾರವನ್ನಿಟ್ಟುಕೊಂಡು ತನ್ನ ಕಾನೂನು ಇಲಾಖೆಯ ಹಳೆಯ ಕಡತಗಳನ್ನೂ ಕಾಪಾಡುತ್ತದೆ, ನಾಗರಿಕರು ಹೋಗಿ ಓದಬಹುದು. ನಮ್ಮ ಸಣ್ಣ ಪಟ್ಟಣಗಳ ಕಡತಗಳಿಗೆ ಇರುವುದು ಒಂದು ಬೀರು ಮತ್ತು ಒಬ್ಬ ಗುಮಾಸ್ತರ ಮನಸ್ಸು ಮಾತ್ರ. ಗೆದ್ದಲಿಗೂ ಮಳೆಗೂ ವರ್ಗಾವಣೆಗೂ ಎದುರಾಗಿ ಅವೆರಡೂ ಎಷ್ಟು ದಿನ ನಿಂತಾವು?

ಆದುದರಿಂದ ಸಂಘದ ಮುಂದೆ ಕೆಲವು ಸಲಹೆಗಳನ್ನಿಡುತ್ತೇವೆ. ಅವುಗಳಿಗೆ ಹಣ ಹೆಚ್ಚು ಬೇಕಿಲ್ಲ, ವೇಳೆ ಮತ್ತು ತಾಳ್ಮೆ ಬೇಕು.

ಮೊದಲನೆಯದಾಗಿ, ಹಳೆಯ ಕನ್ನಡ ಕೈಬರಹವನ್ನು ಓದಬಲ್ಲ ಹಿರಿಯರ ಒಂದು ಪಟ್ಟಿಯನ್ನು ಸಂಘ ಸಿದ್ಧಪಡಿಸಲಿ. ಸೇಲಂ, ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ನಗರಾಡಳಿತಗಳಿಗೆ, ಕನ್ನಡದ ಕಾಗದ ದೊರೆತರೆ ನಾಶಮಾಡುವ ಮೊದಲು ನಮಗೆ ತಿಳಿಸಿರಿ, ಸಂಭಾವನೆಯಿಲ್ಲದೆ ಓದಿ ತಾತ್ಪರ್ಯ ಬರೆದುಕೊಡುತ್ತೇವೆ ಎಂದು ವಿನಯದಿಂದ ಪತ್ರ ಬರೆಯಲಿ. ಇದು ಬೇಡಿಕೆಯಲ್ಲ, ಸೇವೆ. ಸೇವೆಯನ್ನು ಬೇಡವೆನ್ನುವ ಕಚೇರಿ ಕಡಿಮೆ.

ಎರಡನೆಯದಾಗಿ, ಆ ಹಿರಿಯರು ಇರುವಾಗಲೇ ಕಿರಿಯರು ಕಲಿಯಲಿ. ಮೂಡಲು, ಪಡುವಲು, ತೆಂಕಲು, ಬಡಗಲು ಎಂಬ ದಿಕ್ಕುಗಳು, ಖಂಡುಗ ಕೊಳಗಗಳ ಬಿತ್ತನೆಯ ಲೆಕ್ಕದಲ್ಲಿ ನೆಲವನ್ನು ಹೇಳುವ ರೀತಿ, ಫಸಲಿ ವರ್ಷ, ಮೋಡಿ ಅಕ್ಷರ ಇವನ್ನು ನಾಲ್ಕು ಭಾನುವಾರಗಳಲ್ಲಿ ಕಲಿಸಬಹುದು. ನಮ್ಮ ಸಮ್ಮೇಳನಗಳಲ್ಲಿ ಮಕ್ಕಳಿಗೆ ಹಾಡಿನ ಸ್ಪರ್ಧೆಯಿದೆ, ಭಾಷಣದ ಸ್ಪರ್ಧೆಯಿದೆ. ತಮ್ಮ ಮುತ್ತಜ್ಜನ ಪತ್ರವನ್ನು ಓದಿ ಹೇಳುವ ಒಂದು ಸ್ಪರ್ಧೆಯನ್ನೂ ಇಟ್ಟರೆ ತಪ್ಪೇನು?

ಮೂರನೆಯದು ಪ್ರತಿ ಮನೆಗೆ ಸಂಬಂಧಿಸಿದ್ದು. ಟ್ರಂಕಿನಲ್ಲಿ ಹಳೆಯ ಪತ್ರಗಳಿದ್ದರೆ ಅವನ್ನು ಬಿಸಿ ಮಾಡಿ ಪ್ಲಾಸ್ಟಿಕ್ಕಿನಲ್ಲಿ ಅಂಟಿಸಬೇಡಿರಿ, ಹರಿದಲ್ಲಿ ಅಂಟುಪಟ್ಟಿ ಹಚ್ಚಬೇಡಿರಿ. ಎರಡೂ ಕಾಗದವನ್ನು ಕೆಡಿಸುತ್ತವೆ. ಮಡಿಕೆಯನ್ನು ಮೆಲ್ಲನೆ ಬಿಡಿಸಿ, ಶುದ್ಧವಾದ ಹತ್ತಿಬಟ್ಟೆಯಲ್ಲಿ ಸುತ್ತಿ, ತೇವ ತಗಲದ ಕಡೆ ಇಡಿರಿ. ಪಟ ತೆಗೆದು ಒಂದು ಪ್ರತಿಯನ್ನು ಬೇರೆ ಊರಿನಲ್ಲಿರುವ ಮಗನಿಗೋ ಮಗಳಿಗೋ ಕಳುಹಿಸಿರಿ. ಯಾರ ಪತ್ರ, ಯಾವ ಊರಿನದು, ಹೇಗೆ ಕೈಸೇರಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿರಿ. ಮನೆಯ ಟ್ರಂಕೂ ಯೋಗ್ಯವಾದ ಸ್ವಾಧೀನವೇ.

ನಾಲ್ಕನೆಯದಾಗಿ, ನಮ್ಮ ಸಂಘದ ಸ್ವಂತ ಕಡತಗಳು. ಸಭೆಗಳ ನಡಾವಳಿ, ಚಂದಾ ಪುಸ್ತಕ, ಶಾಲೆಗಾಗಿ ಬರೆದ ಅರ್ಜಿ, ಬಂದ ಉತ್ತರ ಇವುಗಳಲ್ಲಿ ಎಷ್ಟು ಇಂದು ನಮ್ಮ ಕೈಯಲ್ಲಿವೆ? ಕಾರ್ಯದರ್ಶಿಗಳು ಬದಲಾದಾಗ ಅವರ ಮನೆಯಲ್ಲಿಯೇ ಉಳಿದ ಪುಸ್ತಕಗಳು ಎಷ್ಟು? ಪುರಸಭೆಗೆ ಬುದ್ಧಿ ಹೇಳುವ ಮೊದಲು ನಮ್ಮ ಬೀರುವಿನ ಬಾಗಿಲನ್ನು ತೆರೆದು ನೋಡುವುದು ನ್ಯಾಯ. ಮುಗಿದ ಪ್ರತಿ ಕಾಗದದ ಮೂಲೆಯಲ್ಲಿ ಉಳಿಸಬೇಕು, ಉಳಿಸಬೇಕಾಗಿಲ್ಲ ಎಂದು ಯೋಚಿಸಿ ಬರೆಯುವ ಒಂದು ಅಭ್ಯಾಸ ನಮಗೂ ಬರಲಿ.

ಸಮ್ಮೇಳನಕ್ಕೆ ಬಂದವರು ಇಪ್ಪತ್ತು ಕಡಿದಾದ ತಿರುವುಗಳನ್ನು ಹತ್ತಿ ಬೆಟ್ಟದ ಮೇಲೆ ಸೇರಿದ್ದೀರಿ. ಬಿಡುವಿದ್ದಾಗ ಕೆರೆಯ ಕಡೆಗೆ ನಡೆದುಹೋಗಿರಿ. ನೀರನ್ನು ತೋರಿಸಿ ತಮಿಳು ಬಂಧುಗಳು ಏರಿ ಎಂದರೆ ಒಪ್ಪಿಕೊಳ್ಳಿರಿ, ನಿಮ್ಮ ಮಕ್ಕಳಿಗೆ ದಡವನ್ನು ತೋರಿಸಿ ನಮ್ಮ ಏರಿ ಇದು ಎಂದು ಹೇಳಿಕೊಡಿರಿ. ಎರಡೂ ನಿಜ. ಆದರೆ ಎರಡನೆಯ ನಿಜವನ್ನು ಬಲ್ಲವರು ಇದ್ದಾರೆಂದು ಕಚೇರಿಗಳಿಗೆ ಗೊತ್ತಿರಬೇಕು. ಆ ಮಾತಿಗೆ ಆಧಾರವಾದ ಕಾಗದ ಎಲ್ಲಿದೆಯೆಂದು ನಮಗೆ ಗೊತ್ತಿರಬೇಕು. ಸಮ್ಮೇಳನ ಯಶಸ್ವಿಯಾಗಲಿ, ಮುಂದಿನ ಸಮ್ಮೇಳನದ ವೇಳೆಗೆ ಓದುಗರ ಆ ಪಟ್ಟಿ ಸಿದ್ಧವಾಗಿರಲಿ. ಅದರಲ್ಲಿ ಮೊದಲ ಹೆಸರಾಗಿ ನಮ್ಮದನ್ನು ಬರೆದುಕೊಳ್ಳಬೇಕೆಂದು ಕಾರ್ಯದರ್ಶಿಗಳಲ್ಲಿ ವಿನಂತಿ.